ಉತ್ತರ ಮರುದಿನ

ಫೆಬ್ರವರಿ ೩, ಸೋಮವಾರ

ತಲುಪಿದೆವು. ನಾನು, ಕ್ಯಾಮೆರಾದವನು, ಏಳು ಪೆಟ್ಟಿಗೆ. ಕ್ಯಾಮೆರಾದವನನ್ನು ವಾಹಿನಿಯಲ್ಲಿ ಎಲ್ಲರೂ ಆಮೆ ಎಂದೇ ಕರೆಯುವುದು; ಲೆನ್ಸ್ ಒರೆಸಲು ಅವನಿಗೆ ಕಾಲು ಗಂಟೆ ಬೇಕು. ನನಗೆ ಇಟ್ಟ ಹೆಸರು ಇಕ್ಕಳ. ಎದುರು ಕೂತವರ ಬಾಯಿಂದ ಬೇಕಾದ ಮಾತನ್ನು ಕಿತ್ತೇ ತೀರುವವಳು ಎಂದು. ಹದಿನೆಂಟು ವರ್ಷ ಆ ಹೆಸರನ್ನು ಬಿರುದಿನಂತೆ ಹೊತ್ತು ತಿರುಗಿದೆ. ಎರಡು ವರ್ಷದ ಹಿಂದೆ ಒಬ್ಬ ವೃದ್ಧ ವಿಜ್ಞಾನಿ ನೇರ ಪ್ರಸಾರದಲ್ಲಿ, ನನ್ನ ಹನ್ನೆರಡನೆಯ ಪ್ರಶ್ನೆಯ ನಡುವೆಯೇ, ಅಂಗಿಯ ಮೈಕ್ ಬಿಚ್ಚಿ ಮೇಜಿನ ಮೇಲಿಟ್ಟು ಎದ್ದು ಹೋದರು. ಆ ನಲವತ್ತು ಸೆಕೆಂಡು ಎಲ್ಲರ ಫೋನಿನಲ್ಲೂ ಓಡಾಡಿತು. ನನ್ನ ಕಾರ್ಯಕ್ರಮ ನಿಂತಿತು.

ಈಗ ಈ ಸಾಕ್ಷ್ಯಚಿತ್ರ ಸಿಕ್ಕಿದೆ. ಋಷಿಮುನಿಗಳು ನೆಲೆಸಿದ ಜಾಗಗಳ ಸರಣಿಯಲ್ಲಿ ಕೊನೆಯ ಕಂತು. ಜಾಗವೇನೋ ಚೆನ್ನಾಗಿದೆ. ನದಿಗೆ ಇಳಿಯುವ ಎಂಬತ್ತನಾಲ್ಕು ಮೆಟ್ಟಿಲು, ಮೇಲೆ ಹಳೆಯ ಶಿವಾಲಯ. ಮೂವತ್ತೊಂದನೆಯ ಮೆಟ್ಟಿಲಿನ ಮೇಲೆ ಒಬ್ಬ ಮುನಿ ನಲವತ್ತು ವರ್ಷ ಕೂತಿದ್ದರಂತೆ. ಮೇಲೆ ಗುಡಿಗೂ ಹತ್ತಲಿಲ್ಲ, ಕೆಳಗೆ ನೀರಿಗೂ ಇಳಿಯಲಿಲ್ಲ. (ಸ್ನಾನದ ಗತಿ ಏನು ಎಂದು ಆಮೆ ಕೇಳಿದ. ಮಳೆ ಎಂದೆ.) ಬಂದವರು ದಿನಕ್ಕೊಂದು ಪ್ರಶ್ನೆ ಕೇಳಬಹುದಿತ್ತು. ಅವರು ಮರುದಿನ ಉತ್ತರ ಹೇಳುತ್ತಿದ್ದರು. ಕೊನೆಯ ಪ್ರಶ್ನೆ ಕೇಳಿದ್ದು ಆರು ವರ್ಷದ ಒಂದು ಹೆಣ್ಣು ಮಗು. ಮರುದಿನ ಬೆಳಿಗ್ಗೆ ನೋಡಿದರೆ ಮುನಿ ಕೂತಲ್ಲೇ ದೇಹ ಬಿಟ್ಟಿದ್ದರು. ಆ ಮಗುವಿಗೆ ಈಗ ಎಪ್ಪತ್ತೆಂಟು. ಈ ಮೆಟ್ಟಿಲುಗಳನ್ನು ನೋಡಿಕೊಳ್ಳುವುದು ಅವರೇ. ಏನು ಕೇಳಿದ್ದೆ ಎಂಬುದನ್ನು ಎಪ್ಪತ್ತೆರಡು ವರ್ಷಗಳಲ್ಲಿ ಯಾರಿಗೂ ಬಾಯಿ ಬಿಟ್ಟಿಲ್ಲ. ಮೋಕ್ಷದ ಬಗ್ಗೆ ಎನ್ನುವವರಿದ್ದಾರೆ, ಸಾವಿನ ಬಗ್ಗೆ ಎನ್ನುವವರಿದ್ದಾರೆ. ಒಬ್ಬ ಪಂಡಿತರು ಮುನ್ನೂರು ಪುಟ ಬರೆದಿದ್ದಾರೆ.

ಹೊರಡುವಾಗ ವಾಹಿನಿಯ ಮುಖ್ಯಸ್ಥ ಮೆತ್ತಗೆ ಹೇಳಿದ. ಮೈಕ್ ಹೇಗೆ ಹಿಡಿಯಬೇಕೆಂದು ಇವನಿಗೆ ಕಲಿಸಿದವಳು ನಾನು. "ಮೇಡಂ, ಆ ಕೊನೇ ಪ್ರಶ್ನೆ ಸಿಕ್ಕಿದ್ರೆ ಮಾತ್ರ ಇದು ಫಿಲ್ಮು. ಇಲ್ಲಾಂದ್ರೆ ಇನ್ನೊಂದು ಗುಡಿ, ಇನ್ನೊಂದು ದೀಪ. ಹಾಕೋಕಾಗಲ್ಲ." ಇದನ್ನು ಹಾಕದಿದ್ದರೆ ನನಗೆ ಮುಂದಿನದು ಯಾವುದೂ ಇಲ್ಲ. ಅದನ್ನು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಶುಕ್ರವಾರ ಹದಿನಾಲ್ಕರವರೆಗೆ ಅನುಮತಿ. ನಲವತ್ತೆರಡು ಪ್ರಶ್ನೆ ಬರೆದುಕೊಂಡು ಬಂದಿದ್ದೇನೆ. ಎಪ್ಪತ್ತೆಂಟರ ಮುದುಕಿ ನನ್ನ ಮುಂದೆ ಎಷ್ಟು ಹೊತ್ತು ನಿಂತಾರು?

ಬಂದ ಕೂಡಲೇ ಎರಡು ತಟ್ಟೆ ಊಟ ಬಂತು. ಹಸಿದಿದ್ದೀರಾ, ಬಡಿಸಲಾ, ಒಂದು ಮಾತಿಲ್ಲ. ತಂದು ಮುಂದಿಟ್ಟು ಹೋದರು. ಇದೆಂಥ ಪದ್ಧತಿ?

ಮಗಳಿಗೆ ಫೋನ್ ಮಾಡಿದೆ. ನಾಲ್ಕು ತಿಂಗಳ ಹಿಂದೆ ನಿಶ್ಚಯವಾದ ಮದುವೆ ಮುರಿದುಕೊಂಡು ಬೇರೆ ಕೋಣೆ ಹಿಡಿದಿದ್ದಾಳೆ. ಯಾಕೆಂದು ಹೇಳುವುದಿಲ್ಲ. ಯಾಕೆ, ಅವನೇನಾದರೂ ಅಂದನಾ, ಅವನ ಮನೆಯವರಾ, ನಿನ್ನದೇ ತಪ್ಪಾ ಎಂದು ಕೇಳಿದೆ. "ಆಮೇಲೆ ಮಾಡ್ತೀನಮ್ಮ" ಅಂದಳು. ಎರಡು ನಿಮಿಷ ಹತ್ತು ಸೆಕೆಂಡು.

ಫೆಬ್ರವರಿ ೪, ಮಂಗಳವಾರ

ಬೆಳಕು ಚೆನ್ನಾಗಿರುವುದು ಆರು ನಲವತ್ತರಿಂದ ಏಳು ಇಪ್ಪತ್ತರವರೆಗೆ ಮಾತ್ರ. ಆಮೆ ಟ್ರೈಪಾಡಿನ ಒಂದು ಕಾಲಿಗೆ ರಟ್ಟು ಮಡಿಚಿ ಕೊಟ್ಟು ಮಟ್ಟ ಮಾಡಿದ. ಮೆಟ್ಟಿಲು ನೋಡಿಕೊಳ್ಳುವ ಆ ಹಿರಿಯರು (ಇಲ್ಲಿ ಎಲ್ಲರಿಗೂ ಅವರು ಅಮ್ಮ) ಬಂದು ಮೂವತ್ತೊಂದನೆಯ ಮೆಟ್ಟಿಲಿನಲ್ಲಿ, ಮುನಿ ಕೂರುತ್ತಿದ್ದ ಕಲ್ಲಿನ ಪಕ್ಕ ಕೂತರು. ತೆಳ್ಳಗೆ, ನೆಟ್ಟಗೆ, ಕನ್ನಡಕಕ್ಕೆ ದಾರ. ನಲವತ್ತು ವರ್ಷ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವರಂತೆ. ಸೆರಗಿಗೆ ಮೈಕ್ ಸಿಕ್ಕಿಸಿದೆ. ಎಂದಿನಂತೆ, "ಶುರು ಮಾಡೋಣವಾ ಅಮ್ಮ?" ಅಂದೆ.

"ನಾಳೆ ಹೇಳ್ತೀನಿ" ಅಂದರು. ಎದ್ದರು. ಪೊರಕೆ ತೆಗೆದುಕೊಂಡು ಮೆಟ್ಟಿಲು ಗುಡಿಸತೊಡಗಿದರು.

ತಮಾಷೆ ಅಂದುಕೊಂಡೆ. ಹಿಂದೆಯೇ ಹೋಗಿ ಮಾತಾಡಿಸಿದರೆ ಹೆಬ್ಬಾಗಿಲಿನ ಹಲಗೆಯ ಕಡೆ ಕೈ ತೋರಿಸಿದರು. ದಿನಕ್ಕೆ ಒಂದು ಪ್ರಶ್ನೆ, ಒಟ್ಟಿಗೆ ಬಂದವರಿಗೆಲ್ಲ ಸೇರಿ, ಉತ್ತರ ಮರುದಿನ. ನಿನ್ನೆಯೇ ಓದಿದ್ದೆ. ಅದು ಭಕ್ತರಿಗೆ ಎಂದುಕೊಂಡಿದ್ದೆ. ನಾವು ವಾಹಿನಿಯವರಲ್ಲವೇ?

ಆಮೆ ನಗು ತಡೆಯಲಾರದೆ ಲೆನ್ಸ್ ಒರೆಸುತ್ತ ನಿಂತ.

ಫೆಬ್ರವರಿ ೫, ಬುಧವಾರ

ಕೂತರು. ಮೈಕ್ ಸಿಕ್ಕಿಸುವವರೆಗೆ ಕಾದರು. ಆಮೇಲೆ ಗಂಭೀರವಾಗಿ ಉತ್ತರ ಹೇಳಿದರು.

"ಶುರು ಮಾಡೋಣವಾ ಅಂತ ಕೇಳಿದ್ರಿ. ರಾತ್ರಿ ಯೋಚಿಸ್ದೆ. ಇದು ಶುರುವಾಗಿ ಬಹಳ ಕಾಲ ಆಗಿದೆ. ನೀವು ಮಧ್ಯದಲ್ಲಿ ಬಂದಿದೀರಿ. ನಾನೂ ಮಧ್ಯದಲ್ಲೇ ಬಂದೆ. ಮಧ್ಯದಲ್ಲಿ ಬಂದೋರು ಮೊದಲು ಸ್ವಲ್ಪ ಸುಮ್ನೆ ಕೂತು, ಏನು ನಡೀತಿದೆ ಅಂತ ನೋಡ್ಬೇಕು."

ಅಷ್ಟರಲ್ಲಿ ಆಮೆ, ನನ್ನ ಹದಿನೈದು ವರ್ಷದ ಜೊತೆಗಾರ, ಕ್ಯಾಮೆರಾ ಹಿಂದಿನಿಂದ ಕಳಕಳಿಯಿಂದ ಕೇಳಿದ: "ದೀಪ ಕಣ್ಣಿಗೆ ಚುಚ್ತಾ ಇದೆಯಾ ಅಮ್ಮ?"

"ನಾಳೆ ಹೇಳ್ತೀನಿ."

ಅವನಿಗೆ ನಾನು ಅಂದದ್ದನ್ನು ಇಲ್ಲಿ ಬರೆಯಲಾರೆ. "ಬಾಯ್ತಪ್ಪಿ ಬಂತು ಅಕ್ಕ" ಎಂದು ಮುಖ ಇಷ್ಟು ಮಾಡಿಕೊಂಡು ಕೂತ. ಎರಡು ದಿನ ಹೋಯಿತು. ಸಿಕ್ಕಿದ್ದು ಸೊನ್ನೆ. ಮಗಳು ಫೋನ್ ಎತ್ತಲಿಲ್ಲ. ಎಲ್ಲಿ ಹೋಗಿರಬಹುದು ಈ ಹೊತ್ತಿನಲ್ಲಿ? ಯಾರ ಜೊತೆ?

ಫೆಬ್ರವರಿ ೬, ಗುರುವಾರ

ದೀಪದ ಉತ್ತರ: "ಚುಚ್ಚುತ್ತೆ. ಥಿಯೇಟರಲ್ಲಿ ನಾನೂ ದೀಪ ತಿರುಗಿಸ್ತಿದ್ದೆ. ಅಲ್ಲಿ ದೀಪ ನೋಡೋರಿಗಾಗಿ ಅಲ್ಲ, ಮಲಗಿರೋರಿಗಾಗಿ. ನಿಮ್ಮ ದೀಪ ಯಾರಿಗಾಗಿ ಅಂತ ಯೋಚಿಸ್ತಾ ಇದ್ದೆ. ಗೊತ್ತಾಗ್ಲಿಲ್ಲ."

ಆಮೆ ಎದ್ದು ದೀಪ ಆರಿಸಿದ. ನಾನು ಹೇಳಿರಲಿಲ್ಲ.

ಈ ಸಲ ತಪ್ಪು ಮಾಡಲಿಲ್ಲ. ಆಮೆಯ ಬಾಯಿಗೆ ಪೆಪ್ಪರಮೆಂಟು ತುರುಕಿದ್ದೆ. ನೇರವಾಗಿ ಕೇಳಿದೆ: "ಮುನಿಗಳಿಗೆ ನೀವು ಕೇಳಿದ ಕೊನೆಯ ಪ್ರಶ್ನೆ ಯಾವುದು?" ನಾಳೆ ಇಷ್ಟು ಹೊತ್ತಿಗೆ ಫಿಲ್ಮು ನನ್ನ ಕೈಯಲ್ಲಿ.

ಫೆಬ್ರವರಿ ೭, ಶುಕ್ರವಾರ

"ಅದಕ್ಕೆ ಉತ್ತರ ಇನ್ನೂ ಬಂದಿಲ್ಲ" ಅಂದರು. ಅಷ್ಟೇ.

ನಾನು, "ಅಂದ್ರೆ?" ಅಂದೆ.

ಇವತ್ತಿನದು ಅದಕ್ಕೆ ಹೋಯಿತು.

ಫೆಬ್ರವರಿ ೮, ಶನಿವಾರ

'ಅಂದ್ರೆ'ಗೂ ಉತ್ತರ ಬಂತು. ಆ ಹೆಂಗಸು ಯಾವ ಪ್ರಶ್ನೆಯನ್ನೂ ಎಸೆಯುವುದಿಲ್ಲ. "ಉತ್ತರ ಬರದ ಪ್ರಶ್ನೇನ ಬೀದಿಗೆ ಬಿಟ್ರೆ, ಸಿಕ್ಕಿದೋರೆಲ್ಲ ತಮ್ಮ ತಮ್ಮ ಉತ್ತರ ಅಂಟಿಸ್ಕೊಂಡು ಹೋಗ್ತಾರೆ. ಅದು ನನ್ನ ಹತ್ರ ಇರ್ಲಿ, ಸುರಕ್ಷಿತವಾಗಿರುತ್ತೆ." ಹೇಳುವಾಗ ಕೈ ಪಕ್ಕದ ಕಲ್ಲನ್ನು ಸವರುತ್ತಿತ್ತು. ಆಮೆ ಅದನ್ನು ಹಿಡಿದಿದ್ದಾನೆ. ಸಂಜೆ ತೋರಿಸಿದ. ಮೂರು ಸಲ ನೋಡಿದೆ.

ನಲವತ್ತೆರಡು ಪ್ರಶ್ನೆಗಳ ಪಟ್ಟಿ ತೆಗೆದು ಕೂತು ಒಂದೊಂದಾಗಿ ಹೊಡೆದು ಹಾಕಿದೆ. ಅರ್ಧಕ್ಕರ್ಧ ನನಗೆ ಉತ್ತರ ಗೊತ್ತಿದ್ದವು. ಅವರ ಬಾಯಲ್ಲಿ ಹೇಳಿಸಬೇಕಿತ್ತು, ಅಷ್ಟೇ. ಕೊನೆಗೆ ಉಳಿದದ್ದು ಒಂದು: ಉತ್ತರ ಯಾಕೆ ಮರುದಿನ? ಅದನ್ನೇ ಕೇಳಿ ಬಂದೆ.

ಆಮೆ ಅಡುಗೆಮನೆಯ ಸುದ್ದಿ ತಂದ. ಅಮ್ಮ ಬಂದವರಿಗೆಲ್ಲ ತಟ್ಟೆ ಇಟ್ಟು, ಎಲ್ಲರದೂ ಮುಗಿದ ಮೇಲೆ, ಒಲೆಯ ಪಕ್ಕ ನಿಂತುಕೊಂಡೇ ನಾಲ್ಕು ತುತ್ತು ನುಂಗುತ್ತಾರಂತೆ. ಯಾರ ಜೊತೆಯೂ ಕೂತು ಉಣ್ಣುವುದಿಲ್ಲವಂತೆ.

ಫೆಬ್ರವರಿ ೯, ಭಾನುವಾರ

"ಮಲಗಿ ಎದ್ದ ಮೇಲೂ ಅದೇ ಪ್ರಶ್ನೆ ಉಳಿದಿದ್ರೆ ಅದು ಪ್ರಶ್ನೆ. ಅರ್ಧ ಜನ ಮರುದಿನ ಬರೋದೇ ಇಲ್ಲ. ಬಾರದವರನ್ನ ಕಂಡ್ರೆ ಮುನಿ ತಾತನಿಗೆ ಬಹಳ ಇಷ್ಟ ಅಂತಿದ್ರು ನಮ್ಮಪ್ಪ. ಬಾರದವರನ್ನ ಕಾಣೋದು ಹೇಗೆ ಅಂತ ಕೇಳಬೇಡಿ, ಇವತ್ತಿನದು ಹಾಳಾಗುತ್ತೆ."

ಜೋರಾಗಿ ನಕ್ಕೆ. ಅವರೂ ನಕ್ಕರು. ಹಲ್ಲು ಮುಂದಿನವು ಎರಡೇ ಇವೆ, ನಗು ಮಾತ್ರ ಪೂರ್ತಿ ಇದೆ.

ಸಂಜೆ ಮಗಳೇ ಫೋನ್ ಮಾಡಿದಳು. 'ಅಂದ್ರೆ?' ಎಂದು ಒಂದು ದಿನ ಕಳೆದುಕೊಂಡ ಕಥೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮ, ಆ ಅಜ್ಜಿ ಕಾಲಿಗೆ ನನ್ನ ಪರವಾಗಿ ಬೀಳು" ಅಂದಳು. ಅವಳ ಬಾಡಿಗೆ ಕೋಣೆಯ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲವಂತೆ, ಪಾರಿವಾಳ ಒಳಗೆ ಬಂದು ಅವಳ ಪುಸ್ತಕದ ಮೇಲೆ ಕೂರುತ್ತದಂತೆ. ಪಾರಿವಾಳದ್ದೇ ಹನ್ನೊಂದು ನಿಮಿಷ. ಮದುವೆಯ ವಿಷಯ ಕೇಳಲು ಮರೆತೆ.

ಫೆಬ್ರವರಿ ೧೦, ಸೋಮವಾರ

ಮುಖ್ಯಸ್ಥನ ಫೋನ್. ಸಿಕ್ಕಿತಾ ಎಂದ. ಇಲ್ಲ ಎಂದೆ. "ಮೇಡಂ, ಬುಧವಾರ ಬೇರೆಯವರನ್ನ ಕಳಿಸ್ಲಾ? ನಿಮಗೆ ಬೇಜಾರಿಲ್ಲ ತಾನೇ?" ಬೇಜಾರಿದೆ ಎಂದೆ. ಹದಿನಾಲ್ಕರವರೆಗೆ ಮಾತು ಕೊಟ್ಟಿದ್ದೀರಿ, ಹದಿನಾಲ್ಕರವರೆಗೆ ಇರುತ್ತೇನೆ ಎಂದೆ. ಹೆದರಿಕೆಯಾಗಿದೆ. ಐವತ್ತೆರಡರ ವಯಸ್ಸಿನಲ್ಲಿ ಇನ್ನೊಂದು ಕಸುಬು ಹುಡುಕಲಾರೆ. ನನಗೆ ಬರುವುದು ಇದೊಂದೇ.

ಫೆಬ್ರವರಿ ೧೧, ಮಂಗಳವಾರ

ಅಮ್ಮನ ಜೊತೆ ಮೆಟ್ಟಿಲು ಗುಡಿಸಿದೆ. ಎಂಬತ್ತನಾಲ್ಕೂ. ಸೊಂಟ ಬಿದ್ದುಹೋಯಿತು. ಮೇಲಿನಿಂದ ಕೆಳಕ್ಕೆ ಗುಡಿಸಬೇಕು, ಕಸ ತಾನೇ ಇಳಿಯುತ್ತದೆ. ನಾನು ಮೊದಲು ಕೆಳಗಿನಿಂದ ಶುರು ಮಾಡಿದ್ದೆ.

ಫೆಬ್ರವರಿ ೧೩, ಗುರುವಾರ

ಇಂದು ಕೇಳಬೇಕಾದ್ದನ್ನು ನಿನ್ನೆಯೇ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಅದೇ ಹಳೆಯ ಪ್ರಶ್ನೆ, ಹೊಸ ಬಟ್ಟೆ ತೊಡಿಸಿದ್ದು. ನಾಳೆ ಬೆಳಿಗ್ಗೆ ಉತ್ತರ, ಮಧ್ಯಾಹ್ನ ಬಸ್ಸು. ಇದೇ ಕೊನೆಯ ಅವಕಾಶ.

ಬೆಳಿಗ್ಗೆ ಬಂದಾಗ ಅಮ್ಮನ ಮೊಣಕಾಲು ಊದಿತ್ತು. ಆದರೂ ಪೊರಕೆ ಹಿಡಿದು ಗುಡಿಸುತ್ತ ಇಳಿಯುತ್ತಿದ್ದರು. ಮೂವತ್ತೊಂದನೆಯದಕ್ಕೆ ಬಂದವರೇ ಕುಸಿದು ಕೂತರು. ನಾನು ಅವರ ಕೈಯಿಂದ ಪೊರಕೆ ತೆಗೆದುಕೊಂಡೆ. ಆಮೆ ಎಂದಿನಂತೆ ಕ್ಯಾಮೆರಾ ಹೂಡಿ, ಅವರಿಗೆ ಮೈಕ್ ಸಿಕ್ಕಿಸಿ, ಹಿಂದೆ ಸರಿದ. ನಾನು ಉಳಿದ ಮೆಟ್ಟಿಲುಗಳನ್ನು ನೀರಿನವರೆಗೆ ಗುಡಿಸಿ, ಮತ್ತೆ ಹತ್ತಿ ಬಂದು, ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತೆ. ಬೆವರು ಆರಲಿ ಎಂದು. ಕೆಳಗೆ ಒಬ್ಬ ನೀರಿನಲ್ಲಿ ನಿಂತು ಸೈಕಲ್ ತೊಳೆಯುತ್ತಿದ್ದ. ಚಕ್ರ ತಿರುಗಿಸುತ್ತಿದ್ದ, ನೀರು ಚಿಮ್ಮುತ್ತಿತ್ತು. ಅದನ್ನೇ ನೋಡುತ್ತ ಕೂತೆ. ಎಷ್ಟು ಹೊತ್ತೋ ತಿಳಿಯದು. ಇಪ್ಪತ್ತೆರಡು ನಿಮಿಷ ಎಂದು ಆಮೆ ಆಮೇಲೆ ಹೇಳಿದ.

"ಇವತ್ತು ಏನೂ ಕೇಳ್ಲಿಲ್ಲ ನೀನು" ಅಂದರು. ಅವರು ನನ್ನನ್ನು ನೀನು ಎಂದದ್ದು ಅದೇ ಮೊದಲು.

"ಮರೆತೇ ಹೋಯ್ತಮ್ಮ" ಅಂದೆ. ನಿಜವಾಗಿಯೂ ಮರೆತಿದ್ದೆ. ಚೀಟಿ ಬ್ಯಾಗಿನಲ್ಲಿತ್ತು.

"ಕೇಳೋರು ಇರೋ ದಿನ ನನ್ನ ಬಾಯಿಗೆ ಅವರದ್ದೇ ಕೆಲಸ. ಕೇಳದ ದಿನ ನನ್ನದು. ಅಂಥ ದಿನ ಬಹಳ ಬರಲ್ಲ" ಎಂದು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಹೇಳಿದರು. ಮರೆಯಬಾರದೆಂದು ಇಲ್ಲಿ ಹಾಗೆಯೇ ಬರೆದುಕೊಳ್ಳುತ್ತೇನೆ.

"ಆಗ ದೊಡ್ಡೋರೆಲ್ಲ ಸಾಲಾಗಿ ನಿಂತು ಕೇಳೋರು. ಆತ್ಮ ಅಂದ್ರೇನು, ಸತ್ತ ಮೇಲೇನು ಅಂತ. ನನಗೂ ಕೇಳೋ ಆಸೆ. ನನಗೆ ಗೊತ್ತಿದ್ದ ಪ್ರಶ್ನೆ ಒಂದೇ, ಮನೆಗೆ ಯಾರು ಬಂದ್ರೂ ನಮ್ಮಮ್ಮ ಕೇಳ್ತಿದ್ದಿದ್ದು. ನನ್ನ ಸರದಿ ಬಂದಾಗ ಅವರ ಕಿವೀಲಿ ಅದನ್ನೇ ಕೇಳ್ದೆ. ತಾತ, ಊಟ ಆಯ್ತಾ?

"ಅವರು ನನ್ನನ್ನ ನೋಡಿದ್ರು. ನಲವತ್ತು ವರ್ಷದಲ್ಲಿ ಅದನ್ನ ಯಾರೂ ಕೇಳಿರ್ಲಿಲ್ವೇನೋ. ಕಣ್ಣಲ್ಲಿ ನೀರು ಬರೋ ಹಾಗೆ ನಕ್ರು. ತಲೆ ಸವರಿ, ನಾಳೆ ಹೇಳ್ತೀನಿ ಮಗು ಅಂದ್ರು. ದೊಡ್ಡೋರಿಗೆ ಹೇಳೋ ಹಾಗೇ ನನಗೂ ಹೇಳಿದ್ರಲ್ಲ ಅಂತ ಕುಣೀತಾ ಮನೆಗೆ ಹೋದೆ. ಮನೇಲಿ ಯಾರಿಗೂ ಹೇಳ್ಲಿಲ್ಲ, ನನ್ನ ಗುಟ್ಟು ಅದು. ಬೆಳಿಗ್ಗೆ ಉತ್ತರ ಕೇಳೋಕೆ ಓಡಿ ಬಂದ್ರೆ ಇಲ್ಲಿ ಜನವೋ ಜನ.

"ಆಮೇಲೆ ಗೊತ್ತಾಯ್ತು. ಮೂರು ದಿನದಿಂದ ಅವರಿಗೆ ಯಾರೂ ಊಟ ತಂದಿರ್ಲಿಲ್ಲ. ಅವರು ತಂದಿರ್ತಾರೆ ಅಂತ ಇವರು, ಇವರು ತಂದಿರ್ತಾರೆ ಅಂತ ಅವರು. ಪ್ರಶ್ನೆ ಮಾತ್ರ ಎಲ್ಲರೂ ತಂದಿದ್ರು. ವಯಸ್ಸಾಗಿತ್ತು, ಹೊರಡೋ ಕಾಲ ಅಂದ್ರು. ನರ್ಸ್ ಆದ ಮೇಲೆ ನನಗೂ ಗೊತ್ತಾಯ್ತು, ಮೂರು ದಿನದ ಹಸಿವಿಗೇ ಯಾರೂ ಹೋಗಿಬಿಡಲ್ಲ. ಗೊತ್ತಾದ್ರೂ ಮನಸ್ಸು ಕೇಳಬೇಕಲ್ಲ. ಅವತ್ತು ಮನೇಲಿ ಒಂದು ಮಾತು ಹೇಳಿದ್ರೆ ನಮ್ಮಮ್ಮ ಒಂದು ತಟ್ಟೆ ಕಳಿಸ್ತಿದ್ಲು."

ಸೈಕಲ್ಲಿನವನು ಹೋಗಿಯಾಗಿತ್ತು. ನನಗೆ ಅಳು ಬಂತು, ಅತ್ತೆ. ಅವರು ಅಳಲಿಲ್ಲ. ಕನ್ನಡಕ ಹಾಕಿಕೊಂಡು, "ಮೋಕ್ಷ ಅಂತ ಪುಸ್ತಕ ಬರೆದೋರ ಮುಂದೆ ಇದನ್ನ ಹೇಳೋಕೆ ನಾಚಿಕೆ ಆಗ್ತಿತ್ತು. ಈಗ ಇಲ್ಲ. ತೋರಿಸು" ಅಂದರು.

ಊಟ ಆಯಿತಾ ಎಂದು ಕೇಳದೆ ಇಲ್ಲಿ ತಟ್ಟೆ ಏಕೆ ಬರುತ್ತದೆ ಎಂಬುದು ತಿಳಿಯಿತು. ಮಧ್ಯಾಹ್ನ ತಟ್ಟೆ ಬಂದಾಗ ಒಂದು ಅಗುಳೂ ಬಿಡದೆ ಉಂಡೆ. ಆಮೆಯೂ.

ಮಾರ್ಚ್ ೬, ಗುರುವಾರ

ಎಡಿಟಿಂಗ್ ಕೋಣೆ. ಫ್ಯಾನಿನದು ಒಂದೇ ಸದ್ದು. ಮೂರು ವಾರದಿಂದ ಬರೆದಿರಲಿಲ್ಲ, ಬರೆಯುವಂಥದ್ದು ಇರಲಿಲ್ಲ.

ಹಿನ್ನೆಲೆ ಮಾತನ್ನು ನಾನೇ ಓದಿ ಧ್ವನಿಮುದ್ರಿಸಿದ್ದೆ. ಹದಿನಾಲ್ಕು ಪುಟ. ಮುನಿಯ ಮಹಿಮೆ, ಮೆಟ್ಟಿಲ ಇತಿಹಾಸ, ನದಿಯ ಹೆಸರಿನ ಮೂಲ. ಇವತ್ತು ಅದನ್ನು ಆರಿಸಿ ಬರಿಯ ಚಿತ್ರ ಓಡಿಸಿ ನೋಡಿದೆ. ಶುರು ಮಾಡೋಣವಾ, ದೀಪ ಚುಚ್ತಾ ಇದೆಯಾ, ಅಂದ್ರೆ. ವ್ಯರ್ಥ ಎಂದು ತಲೆ ಚಚ್ಚಿಕೊಂಡ ದಿನಗಳೇ ಫಿಲ್ಮಿನ ಬೆನ್ನೆಲುಬಾಗಿ ನಿಂತಿವೆ. ನಾನು ತಯಾರಾಗಿ ಹೋದದ್ದು ಯಾವುದೂ ನಿಂತಿಲ್ಲ. ಹದಿನಾಲ್ಕು ಪುಟವನ್ನೂ ತೆಗೆದೆ. ಗುಡಿಸುವ ಸದ್ದು ಇಟ್ಟೆ. ಇಪ್ಪತ್ತೆರಡು ನಿಮಿಷದಲ್ಲಿ ನಾಲ್ಕು ನಿಮಿಷ ಇಟ್ಟಿದ್ದೇನೆ, ನಾನು ಸುಮ್ಮನೆ ಸೈಕಲ್ ನೋಡುತ್ತ ಕೂತಿರುವುದು. ನನ್ನ ಬೆನ್ನು ಇಷ್ಟು ಗೂನು ಎಂದು ಗೊತ್ತಿರಲಿಲ್ಲ.

ಇದು ಒಳ್ಳೆಯ ಫಿಲ್ಮು. ನನ್ನ ಕೆಲಸಗಳಲ್ಲೆಲ್ಲ ಒಳ್ಳೆಯದು. ಬರೆದಿಟ್ಟಿದ್ದೇನೆ, ಯಾರು ಏನೇ ಅನ್ನಲಿ.

ಮಗಳು ಬಂದಿದ್ದಳು. ಮೂಲೆಯಲ್ಲಿ ಕೂತು ನೋಡಿದಳು. ಹೋಗುವಾಗ ತನ್ನ ಕಿಟಕಿಗೆ ಚಿಲಕ ಹಾಕಿಸಿಲ್ಲ, ಪಾರಿವಾಳ ಮೊಟ್ಟೆ ಇಟ್ಟಿದೆ ಅಂದಳು.

ಏಪ್ರಿಲ್ ೨೨, ಮಂಗಳವಾರ

ಮುಖ್ಯಸ್ಥನಿಗೆ ತೋರಿಸಿದೆ. ದೀಪ ಹೊತ್ತಿದ ಮೇಲೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ಇಷ್ಟೇನಾ ಮೇಡಂ? ಊಟ ಆಯ್ತಾ ಅಂತಾನಾ? ಎಪ್ಪತ್ತೆರಡು ವರ್ಷದ ರಹಸ್ಯ ಅಂತ ಜಾಹೀರಾತು ಕೊಟ್ಟಿದೀವಿ. ಜನ ನಗ್ತಾರೆ. ಆ ಜಾಗದಲ್ಲಿ ಮಾತು ತೆಗೆದು, ಸಂಗೀತ ಹಾಕಿ, ಪ್ರಶ್ನೆ ರಹಸ್ಯವಾಗೇ ಉಳಿಯಿತು ಅಂತ ಹೇಳಿಬಿಡೋಣ. ಯಾರಿಗೆ ಗೊತ್ತಾಗುತ್ತೆ?"

ನಾಲಿಗೆಯ ತುದಿಗೆ ಏಳೆಂಟು ಪ್ರಶ್ನೆ ಬಂದು ನಿಂತವು. "ನಾಳೆ ಮಾತಾಡೋಣ" ಎಂದು ಎದ್ದೆ.

ಮನೆಗೆ ಬಂದು ಗಡದ್ದಾಗಿ ನಿದ್ದೆ ಮಾಡಿದೆ. ಈಗ ಎದ್ದು ಬರೆಯುತ್ತಿದ್ದೇನೆ, ಸಂಜೆ ಆರೂವರೆ. ಹೆದರಿಕೆ ಎಲ್ಲಿ ಹೋಯಿತೋ.

ಏಪ್ರಿಲ್ ೨೩, ಬುಧವಾರ

ಕಚೇರಿಗೆ ಹೋದರೆ ಮುಖ್ಯಸ್ಥ ನನಗಿಂತ ಮೊದಲೇ ಬಂದು ಕಟ್ಟಡದ ಮೆಟ್ಟಿಲ ಮೇಲೆ ಕೂತಿದ್ದಾನೆ. ಟೈ ಇಲ್ಲ. ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತು ರಸ್ತೆ ನೋಡಿದೆವು.

"ನಿನ್ನೆ ಮನೆಗೆ ಹೋಗಿ ಅಮ್ಮನಿಗೆ ಫೋನ್ ಮಾಡ್ದೆ. ಆರು ತಿಂಗಳಾಗಿತ್ತು. ಊಟ ಆಯ್ತಾ ಅಂದೆ. ಯಾಕೋ, ಏನಾಯ್ತು, ಹುಷಾರಾಗಿದೀಯಾ ಅಂತ ಗಾಬರಿಯಾಗಿಬಿಟ್ಲು" ಎಂದ. "ಒಂದು ಫ್ರೇಮೂ ಮುಟ್ಟಬೇಡಿ ಮೇಡಂ. ಮೊದಲ ಪ್ರದರ್ಶನ ಅಲ್ಲೇ ಮಾಡೋಣ, ಆ ಮೆಟ್ಟಿಲ ಮೇಲೆ. ಆ ಅಮ್ಮ ಇಲ್ಲಿಗೆ ಎಲ್ಲಿ ಬರ್ತಾರೆ, ನಾವೇ ಹೋಗೋಣ."

ಗೆದ್ದೆ. ವಾದ ಮಾಡದೆ ಗೆದ್ದದ್ದು ನನ್ನ ಜೀವನದಲ್ಲೇ ಮೊದಲು. ಆಮೆಗೆ ಹೇಳಿದಾಗ ಅವನು ಲೆನ್ಸ್ ಒರೆಸುವುದನ್ನು ನಿಲ್ಲಿಸಿ ನನ್ನ ಎರಡೂ ಕೈ ಹಿಡಿದು ಕುಲುಕಿದ.

ಮೇ ೧೦, ಶನಿವಾರ

ಹೇಗೆ ಬರೆಯಲಿ ತಿಳಿಯುತ್ತಿಲ್ಲ, ಇದ್ದದ್ದು ಇದ್ದಂತೆ ಬರೆಯುತ್ತೇನೆ.

ಮೊಣಕಾಲುದ್ದ ನೀರಿನಲ್ಲಿ ಎರಡು ಕಂಬ ನೆಟ್ಟು ಪರದೆ ಕಟ್ಟಿದೆವು. ಎಂಬತ್ತನಾಲ್ಕು ಮೆಟ್ಟಿಲೂ ಗ್ಯಾಲರಿ. ಸೂರ್ಯ ಮುಳುಗುವ ಹೊತ್ತಿಗೆ ಕಾಲಿಡಲು ಜಾಗವಿರಲಿಲ್ಲ. ಸಾವಿರದ ಹತ್ತಿರ ಜನ. ಮುನ್ನೂರು ಪುಟದ ಪಂಡಿತರೂ ಬಂದಿದ್ದರು. ಅಮ್ಮ ತಮ್ಮ ಮೂವತ್ತೊಂದನೆಯ ಮೆಟ್ಟಿಲಲ್ಲಿ. ಮಗಳು ಬರುತ್ತೇನೆಂದು ಹೇಳಿರಲಿಲ್ಲ. ಬಸ್ಸಿಳಿದು ನೇರವಾಗಿ ಬಂದು ನನ್ನ ಪಕ್ಕ ತೂರಿಕೊಂಡು ಕೂತಳು.

'ಅಂದ್ರೆ?' ಬಂದಾಗ ಮೆಟ್ಟಿಲಿಗೆ ಮೆಟ್ಟಿಲೇ ನಕ್ಕಿತು. ನಾನೂ ನಕ್ಕೆ. ನಾಲ್ಕು ನಿಮಿಷದ ಸೈಕಲ್ ಬಂದಾಗ ಯಾರೂ ಕೆಮ್ಮಲಿಲ್ಲ. ಆಮೇಲೆ ಪರದೆಯ ಮೇಲೆ ಅಮ್ಮ ಕನ್ನಡಕ ತೆಗೆದು ಹೇಳಿದರು: ತಾತ, ಊಟ ಆಯ್ತಾ?

ಯಾರೂ ನಗಲಿಲ್ಲ. ಪ್ರಶ್ನೆ ಮಾತ್ರ ಎಲ್ಲರೂ ತಂದಿದ್ರು ಎಂಬ ಮಾತಿಗೆ ಪಂಡಿತರು ತಲೆ ತಗ್ಗಿಸಿದ್ದನ್ನು ಕಂಡೆ.

ಫಿಲ್ಮು ಮುಗಿಯಿತು. ಚಪ್ಪಾಳೆಯಿಲ್ಲ. ಮುಖ್ಯಸ್ಥ ಮೈಕ್ ಹಿಡಿದು, ನಿರ್ದೇಶಕಿಗೆ ಪ್ರಶ್ನೆಗಳಿದ್ದರೆ ಕೇಳಬಹುದು ಎಂದ. ಯಾರೂ ಏಳಲಿಲ್ಲ. ಕೊನೆಗೆ ಎದ್ದವರು ಪಂಡಿತರೇ. ನನ್ನ ಕಡೆ ನೋಡಲಿಲ್ಲ. ಅಮ್ಮನ ಕಡೆ ತಿರುಗಿ ಕೈ ಮುಗಿದು, "ಅಮ್ಮಾ, ನಿಮ್ಮ ಊಟ ಆಯ್ತಾ?" ಅಂದರು.

ಆಮೇಲೆ ಅವರ ಹಿಂದಿನವರು ಕೇಳಿದರು. ಅವರ ಹಿಂದಿನವರು. ಮೇಲಿನ ಮೆಟ್ಟಿಲಿನಿಂದ ನೀರಿನವರೆಗೂ ಅದೊಂದೇ ಮಾತು, ಅಮ್ಮಾ ಊಟ ಆಯ್ತಾ, ಊಟ ಆಯ್ತಾ. ಎಪ್ಪತ್ತೆರಡು ವರ್ಷದಲ್ಲಿ ಈ ಮೆಟ್ಟಿಲ ಮೇಲೆ ಅವರನ್ನು ಯಾರೂ ಕೇಳಿರಲಿಲ್ಲ ಎಂಬುದು ಆಗ ಹೊಳೆಯಿತು. ಹನ್ನೆರಡು ದಿನ ಅವರ ತಟ್ಟೆಯಲ್ಲಿ ಉಂಡ ನಾನೂ ಕೇಳಿರಲಿಲ್ಲ. ಅಮ್ಮ ಮೆಟ್ಟಿಲ ಪಕ್ಕದ ಗೋಡೆ ಹಿಡಿದು ಎದ್ದು ನಿಂತರು. ಕಣ್ಣಲ್ಲಿ ನೀರು ಬರುವಂತೆ ನಕ್ಕರು.

"ನಾಳೆ ಹೇಳ್ತೀನಿ" ಅಂದರು.

ಚಪ್ಪಾಳೆ ಆಗ ಬಿತ್ತು. ಇನ್ನೂ ಕಿವಿಯಲ್ಲಿದೆ.

ಮೇ ೧೧, ಭಾನುವಾರ

ನಿನ್ನೆ ಕೋಣೆಗೆ ಬಂದ ಮೇಲೆ ಮಗಳು ಮದುವೆ ಮುರಿದದ್ದರ ಕಾರಣ ಹೇಳಿದಳು, ತಾನಾಗಿಯೇ. ಅದು ಅವಳದು, ಇಲ್ಲಿ ಬರೆಯುವುದಿಲ್ಲ. ಸರಿಯಾದದ್ದನ್ನೇ ಮಾಡಿದ್ದಾಳೆ.

ಬೆಳಿಗ್ಗೆ ಆರು ನಲವತ್ತಕ್ಕೆ ಉತ್ತರ ಕೇಳಲು ಹೋದೆವು. ನಾವಷ್ಟೇ ಎಂದುಕೊಂಡಿದ್ದೆ. ನಿನ್ನೆಯ ಮುಕ್ಕಾಲು ಜನ ಊರು ಬಿಟ್ಟು ಹೋಗಿರಲೇ ಇಲ್ಲ. ಸಿಕ್ಕ ಸಿಕ್ಕ ಜಗುಲಿಯಲ್ಲಿ ಮಲಗೆದ್ದು ಬಂದು ಕಾದಿದ್ದರು.

ಅಮ್ಮ ಬಂದು ಮುನಿಯ ಕಲ್ಲಿನ ಪಕ್ಕ ಕೂತರು.

"ನಿನ್ನೆ ನೀವೆಲ್ಲ ಸೇರಿ ಒಂದು ಪ್ರಶ್ನೆ ಕೇಳಿದ್ರಿ. ರಾತ್ರಿ ಯೋಚಿಸ್ದೆ. ತಾತ ಏನು ಹೇಳ್ತಿದ್ರು ಅಂತ ಇಷ್ಟು ವರ್ಷ ಕಾಯ್ತಾ ಇದ್ದೆ. ಏನೋ ದೊಡ್ಡದು ಇರಬೇಕು ಅಂತಿದ್ದೆ. ನನ್ನನ್ನೇ ಕೇಳಿದ ಮೇಲೆ ಗೊತ್ತಾಯ್ತು. ಅವರು ಹೇಳ್ತಿದ್ದಿದ್ದು ಇಷ್ಟೇ. ಆಗಿಲ್ಲ ಮಗು, ಬಾ, ಇಬ್ಬರೂ ಕೂತು ಮಾಡೋಣ."

ಕಲ್ಲಿನ ಮೇಲೆ ಅಂಗೈ ಇಟ್ಟರು.

"ನಂದೂ ಆಗಿಲ್ಲ. ಬನ್ನಿ" ಅಂದರು.

ನಾಲ್ಕು ಗಂಟೆಗೇ ಎದ್ದು ಒಲೆ ಹಚ್ಚಿದ್ದರಂತೆ. ಸುತ್ತಲಿನ ಮನೆಗಳವರೂ ಪಾತ್ರೆ ಹೊತ್ತು ಬಂದರು. ಮುಖ್ಯಸ್ಥ ಬಡಿಸಿದ, ಅರ್ಧ ಚೆಲ್ಲಿದ. ಅಮ್ಮ ಮೂವತ್ತೊಂದನೆಯ ಮೆಟ್ಟಿಲಿನಲ್ಲಿ ಎಲ್ಲರ ನಡುವೆ ಕೂತು, ಮಡಿಲಲ್ಲಿ ತಟ್ಟೆ ಇಟ್ಟುಕೊಂಡು, ಆತುರವಿಲ್ಲದೆ ಉಂಡರು. ಎರಡನೆಯ ಸಲ ಹಾಕಿಸಿಕೊಂಡರು. ನಾನು ಆಮೆಯ ಕಡೆ ನೋಡಿದೆ, ಇದನ್ನು ಹಿಡಿಯುತ್ತಿದ್ದಾನೋ ಎಂದು. ಅವನು ಕ್ಯಾಮೆರಾ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಆಗಲೇ ಪಂಕ್ತಿಯಲ್ಲಿ ಕೂತಿದ್ದ.

ಮಗಳು ಎರಡು ತಟ್ಟೆ ತಂದಳು. ಒಂದನ್ನು ನನ್ನ ಕೈಗಿಟ್ಟು ಪಕ್ಕದಲ್ಲಿ ಕೂತಳು. ಬಹಳ ಹಸಿದಿದ್ದೆ.